ಬೆಚ್ಚಗಿಟ್ಟ ಟಿವಿ

ಟಕ್.

ಒಂದು ಉಸಿರಿನಷ್ಟು ಬಿಡುವು. ಮತ್ತೆ ಟಕ್.

ಚೇಳು ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಎಣಿಸಿದ. ಎರಡು ಸೆಕೆಂಡಿಗೊಂದು ಸದ್ದು. ಬಾಗಿಲು ತಟ್ಟಲು ಬಂದವರು ಬೆರಳ ಗೆಣ್ಣನ್ನು ಒಮ್ಮೆ ಮುಟ್ಟಿಸಿ, ಧೈರ್ಯ ಸಾಲದೆ ಕೈ ಹಿಂದೆಗೆದುಕೊಂಡು, ಮತ್ತೆ ಮುಟ್ಟಿಸಿದ ಹಾಗೆ. ಟಿವಿ ಸೆಟ್ಟು ಏಳಬೇಕೆಂದು ನೋಡುತ್ತಿದೆ, ಏಳಲಾಗುತ್ತಿಲ್ಲ. ಅಷ್ಟು ಕೇಳಿದ್ದೇ ಅವನಿಗೆ ಸಾಕಾಯಿತು. ರೋಗ ತಿಳಿಯಿತು, ಮದ್ದೂ ತಿಳಿಯಿತು. ತಿಳಿಯದೆ ಉಳಿದದ್ದು, ಆ ಮನೆಯವರು ಅದನ್ನು ಹೇಗೆ ಕೊಂದರು ಎನ್ನುವುದೊಂದೇ.

"ಕೇಳಿಸ್ತಾ ಬೀಗರೇ?" ಎಂದಿತು ಅತ್ತಲಿನ ದನಿ. "ಟಿವಿ ಬೆನ್ನಿಗೇ ಫೋನ್ ಹಿಡಿದಿದ್ದೆ."

"ಕೇಳಿಸ್ತು."

"ಕೆಂಪು ದೀಪ ಹತ್ಕೊಳ್ಳುತ್ತೆ, ಆರುತ್ತೆ. ಪರದೆ ಕಪ್ಪು. ಕಂಪನಿ ಕೊಟ್ಟ ಪುಸ್ತಕದಲ್ಲಿ ಒಂಬತ್ತು ಹಂತ ಇದೆ. ಒಂಬತ್ತನ್ನೂ ಮಾಡಿದ್ದೀನಿ. ಓದ್ಲಾ?"

"ಬೇಡಿ ಬೀಗರೇ."

"ಹಂತ ಒಂದು. ಮನೆಯಲ್ಲಿ ವಿದ್ಯುತ್ ಇದೆಯೇ ನೋಡುವುದು. ನೋಡಿದೆ, ಇದೆ. ಹಂತ ಎರಡು..."

ಮೇಸ್ತ್ರಿ ಫೋನನ್ನು ಮೇಜಿನ ಮೇಲೆ ಮಲಗಿಸಿ, ಕೈಯಲ್ಲಿದ್ದ ಹಳೆಯ ರೇಡಿಯೊಗೆ ಎರಡು ಬೆಸುಗೆ ಹಾಕಿ, ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಮತ್ತೆ ಎತ್ತಿಕೊಂಡ. ಬೀಗರು ಹಂತ ಏಳರಲ್ಲಿದ್ದರು.

ಬೀಗರೆಂದರೆ ಮಗಳ ಮಾವ. ದೊಡ್ಡ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರು ಬರೆದ ಕಾಗದ ತಿದ್ದಿ, ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತೇ ಹೊರತು ಅವರು ಕಚೇರಿಯನ್ನು ಬಿಡಲಿಲ್ಲ. ಅವರ ಮನೆಯಲ್ಲಿ ಪ್ರತಿ ಸ್ವಿಚ್ಚಿನ ಕೆಳಗೂ ಒಂದು ಚೀಟಿ ಅಂಟಿತ್ತು. ಫ್ಯಾನಿನದಕ್ಕೆ 'ಫ್ಯಾನ್'. ಅದರ ಪಕ್ಕದ, ಯಾವುದಕ್ಕೂ ಸೇರದ ಸ್ವಿಚ್ಚಿಗೆ 'ಉಪಯೋಗವಿಲ್ಲ'. ಆ ಮನೆಗೆ ಹೋದಾಗಲೆಲ್ಲ ಮೇಸ್ತ್ರಿಗೆ ಆ ಎರಡನೆಯ ಚೀಟಿಯನ್ನು ಕಿತ್ತು ಇನ್ನೆಲ್ಲಾದರೂ ಅಂಟಿಸುವ ಆಸೆಯಾಗುತ್ತಿತ್ತು.

"ಇದು ನೀರು ಬಿದ್ದ ಪ್ರಕರಣ ಬೀಗರೇ," ಎಂದು ಬೀಗರು ಒಂಬತ್ತನೇ ಹಂತ ಮುಗಿಸಿ ಹೇಳಿದರು. "ಭಾನುವಾರ ನಿಮ್ಮ ಮಗಳು ಒದ್ದೆ ಬಟ್ಟೆಯಲ್ಲಿ ಟಿವಿ ಒರೆಸಿದಳು. ಸೋಮವಾರ ಟಿವಿ ನಿಂತುಹೋಯ್ತು. ನಾನೇನೂ ಹೇಳ್ತಾ ಇಲ್ಲ. ತಾರೀಖು ಹೇಳ್ತಾ ಇದೆ."

ಮೇಸ್ತ್ರಿಗೆ ಚೇಳು ಎಂಬ ಹೆಸರನ್ನು ಇಟ್ಟದ್ದು ಅವನ ಬೀದಿ. ಯಂತ್ರದ ಮೇಲೆ ಅವನ ಬೆರಳು ಹೂವಿನ ಹಾಗೆ ಓಡಾಡುತ್ತಿತ್ತು. ಯಂತ್ರದ ಯಜಮಾನನ ಕಡೆ ತಿರುಗಿದರೆ ಸಾಕು, ಕೊಂಡಿ ಏಳುತ್ತಿತ್ತು. ಅವನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ರಿಪೇರಿ ಮುಗಿದ ಮೇಲೆ ಸತ್ತ ಭಾಗವನ್ನು ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಗಿರಾಕಿಯನ್ನು ಕರೆದು, ಅಂಗೈ ಚಾಚಿಸಿ, ಅದನ್ನು ಅಲ್ಲಿಟ್ಟು, "ಇದನ್ನ ನೀವು ಹೀಗೆ ಕೊಂದಿರಿ" ಎಂದು ವಿವರಿಸುತ್ತಿದ್ದ. ರಿಪೇರಿಗೆ ಅರ್ಧ ಗಂಟೆ ಹಿಡಿದರೆ ವಿವರಣೆಗೆ ಮುಕ್ಕಾಲು ಗಂಟೆ.

ಕೊಲ್ಲುವ ಬಗೆಗಳಿಗೇನು ಬರ. ಟಿವಿಯ ನೆತ್ತಿಗೆ ಗುದ್ದಿದರೆ ಕುಣಿಯುವ ಚಿತ್ರ ನೆಟ್ಟಗೆ ನಿಲ್ಲುತ್ತದೆಂದು ಕಂಡುಹಿಡಿದವರು, ತಮ್ಮ ಮಗ ಹತ್ತು ವರ್ಷ ಗುದ್ದಿಸಿಕೊಂಡರೂ ಜಾಣನಾಗಲಿಲ್ಲವೆಂಬುದನ್ನು ಮಾತ್ರ ಗಮನಿಸಿದವರಲ್ಲ. ಟಿವಿಯ ಮೇಲೆ ಹೂದಾನಿ ಇಟ್ಟು, ಅದಕ್ಕೆ ದಿನವೂ ನೀರು ಹಾಕಿ, ಟಿವಿಯಲ್ಲಿ ಹೊಗೆ ಬಂದಾಗ ಹೂವಿಗೇನಾಯಿತೋ ಎಂದು ಓಡಿಬಂದವರಿದ್ದರು. ಹಿಂಬದಿಯ ಸೀಳಿನಲ್ಲಿ ಮಗಳು ಏಳು ತಿಂಗಳು ನಾಣ್ಯ ಹಾಕುತ್ತಿದ್ದರೆ, ಮಗಳಿಗೆ ಉಳಿತಾಯದ ಬುದ್ಧಿಯಿದೆಯೆಂದು ಹಿಗ್ಗಿದ ತಂದೆಯೂ ಒಬ್ಬನಿದ್ದ. ರಿಮೋಟಿನ ಸೆಲ್ಲನ್ನು ಹಲ್ಲಿನಲ್ಲಿ ಕಚ್ಚಿ, ಬಿಸಿಲಿಗಿಟ್ಟು, ತೊಡೆಗೆ ಉಜ್ಜಿ, ಅದರಲ್ಲಿ ಇನ್ನೊಂದು ದಿನ ಹಿಂಡಿಕೊಳ್ಳುವವರ ಲೆಕ್ಕವಂತೂ ಅವನು ಬಿಟ್ಟೇಬಿಟ್ಟಿದ್ದ.

ಹದಿನೇಳನೇ ವಯಸ್ಸಿಗೆ ರೇಡಿಯೊ ಅಂಗಡಿ ಸೇರಿದಾಗ, ಅಲ್ಲಿದ್ದ ಮುದುಕ ಮೆಕ್ಯಾನಿಕ್ ಅವನಿಗೆ ಕಲಿಸಿದ ವಿದ್ಯೆ ಒಂದೇ ವಾಕ್ಯದ್ದು. "ಸೆಟ್ಟು ಸುಳ್ಳು ಹೇಳಲ್ಲ ಕಣೋ, ಸೆಟ್ಟಿನ ಯಜಮಾನ ಹೇಳ್ತಾನೆ." ಮಿಕ್ಕದ್ದನ್ನು ಅವನು ಕಿವಿಯಿಂದ ಕಲಿತ. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ, ಪಿಕ್ಚರ್ ಟ್ಯೂಬಿನ ಸಣ್ಣ ಶಿಳ್ಳೆ, ಸುಟ್ಟ ತಂತಿಯ ಮೌನ. ಆ ಕಾಲದಲ್ಲಿ ಟಿವಿ ಕೆಟ್ಟರೆ ಮನೆಮಂದಿಯೆಲ್ಲ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಬೈದರೂ ನಿಲ್ಲುತ್ತಿದ್ದರು, ನಾಲ್ಕು ಬೈಗುಳ ಹೆಚ್ಚು ತಿಂದವರ ಸೆಟ್ಟು ನಾಲ್ಕು ವರ್ಷ ಹೆಚ್ಚು ಬಾಳುತ್ತದೆಂಬ ನಂಬಿಕೆಯೂ ಹುಟ್ಟಿಕೊಂಡಿತ್ತು. ಈಗ ಬಾಗಿಲಗಲದ ಪರದೆಗಳು ಬಂದಿವೆ. ಕೆಟ್ಟರೆ ಯಾರೂ ಕೇಳಲು ಬರುವುದಿಲ್ಲ, ಬೀದಿಯ ಕೊನೆಯಲ್ಲಿ ಗೋಡೆಗೆ ಒರಗಿಸಿ ಹೋಗುತ್ತಾರೆ. ಮೇಸ್ತ್ರಿ ಹಾದು ಹೋಗುವಾಗ ಅವುಗಳ ಬೆನ್ನನ್ನು ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದ. ಮೂರರಲ್ಲಿ ಎರಡಕ್ಕೆ ಇನ್ನೂ ಜೀವವಿರುತ್ತಿತ್ತು. ರಿಪೇರಿಗೆ ಬರುವವರು ಕಡಿಮೆಯಾದದ್ದಕ್ಕಿಂತ, ಬೈಸಿಕೊಳ್ಳಲು ಬರುವವರು ಕಡಿಮೆಯಾದದ್ದು ಅವನನ್ನು ಹೆಚ್ಚು ಸೊರಗಿಸಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳದೆಯೇ ಗೊತ್ತಿತ್ತು.

ಬೀಗರ ಫೋನು ನಿಂತ ಐದು ನಿಮಿಷಕ್ಕೆ ಮಗಳ ಫೋನು ಬಂತು. ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಳೆಂದು ದನಿಯ ಮೊಳಗಿನಿಂದಲೇ ತಿಳಿಯುತ್ತಿತ್ತು.

"ಅಪ್ಪ, ಬರ್ತೀಯಾ?"

"ಬರ್ತೀನಿ. ನೀರು ಹಾಕಿದ್ಯಾ ನೀನು?"

"ಹಿಂಡಿದ ಬಟ್ಟೆ ಅಪ್ಪ. ಪರದೆ ಒರೆಸಿದ್ದು ಅಷ್ಟೇ. ಹಿಂದಕ್ಕೆ ಕೈನೇ ಹಾಕಿಲ್ಲ."

"ಮತ್ತೆ ಸುಮ್ನಿರು. ಆಡೋರು ಆಡ್ಕೊಳ್ಲಿ."

"ಸುಮ್ನಿರೋ ಹಾಗಿಲ್ಲಪ್ಪ. ಮಾವ ಕಾಗದ ಬರೆದಿಟ್ಟಿದ್ದಾರೆ, ನಮ್ಮ ಲ್ಯಾಬಿಗೆ. ನಾನು ಕೆಲಸ ಬಿಡ್ತೀನಿ ಅಂತ. ಸಹಿ ಒಂದು ಬಾಕಿ. ಕೆಲಸಕ್ಕೆ ಓಡೋ ಆತುರದಲ್ಲಿ ಮನೆ ಸಾಮಾನು ಹಾಳು ಮಾಡ್ತೀನಂತೆ. ಇವತ್ತು ಒಂದು ಗಂಟೆ ಪಾಳಿಗೆ ಹೋದಾಗ ಕೊಟ್ಟು ಬರಬೇಕಂತೆ."

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಆರು ವರ್ಷದಿಂದ ಇದ್ದಳು. ದಿನಕ್ಕೆ ನೂರು ಜನರ ರಕ್ತ ಅವಳ ಕೈಯಿಂದ ಹಾಯುತ್ತಿತ್ತು, ಒಂದು ಹನಿ ಚೆಲ್ಲುತ್ತಿರಲಿಲ್ಲ, ಒಂದು ಸೀಸೆಯ ಹೆಸರು ಇನ್ನೊಂದಕ್ಕೆ ಅಂಟುತ್ತಿರಲಿಲ್ಲ. ಆ ಕೈ ಟಿವಿಗೆ ನೀರು ಹುಯ್ಯಿತಂತೆ.

"ನಿನ್ನ ಗಂಡ ಏನಂತಾನೆ?"

"ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ ಅಂದ್ರು. ಹಾಗಂದು ಬೇರೆ ಊರಿಗೆ ಹೋದ್ರು, ಕೆಲಸದ ಮೇಲೆ."

ಅಳಿಯ ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನುರಿತವನು. ಈ ಸಲ ದೀಪವಿಟ್ಟು ಗೋಡೆಯನ್ನೂ ಬಿಟ್ಟು ಹೋಗಿದ್ದ.

"ಒಂದೇ ಮಾತು ಅಪ್ಪ," ಎಂದಳು ಮಗಳು. "ಬೈಬೇಡ. ನೀನು ಬೈದು ಹೋಗ್ಬಿಡ್ತೀಯ. ಇಲ್ಲಿ ಇರಬೇಕಾದೋಳು ನಾನು."

ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಮೇಸ್ತ್ರಿ ಚೀಲ ತುಂಬಿಕೊಳ್ಳುವಾಗ ಹೆಂಡತಿ ಒಳಬಾಗಿಲಿಗೆ ಬಂದು ನಿಂತಳು.

"ಮೀಟರ್ ಇಟ್ಕೊಂಡ್ರಾ?"

"ಇಟ್ಕೊಂಡೆ."

"ಬೆಸುಗೆ ಕಡ್ಡಿ?"

"ಹೂಂ."

"ನಾಲಿಗೆ?"

ಮೇಸ್ತ್ರಿ ಅವಳ ಮುಖ ನೋಡಿದ.

"ಅದನ್ನ ಇಲ್ಲೇ ಬಿಟ್ಟು ಹೋಗಿ," ಎಂದಳು. "ಬಂದಮೇಲೆ ಕೊಡ್ತೀನಿ."

ಬೀಗರ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆಗೆದವರು ಬೀಗರೇ. ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿನ ಪುಸ್ತಕ, ಕಿವಿಯ ಮೇಲೆ ಪೆನ್ನು. ಕೂರಲು ಹೇಳಿದರು, ನೀರು ತರಿಸಿದರು, ಹಂತ ಒಂದರಿಂದ ಮತ್ತೆ ಶುರುಮಾಡಿದರು. ಮೇಸ್ತ್ರಿ ನೀರು ಕುಡಿಯುತ್ತ ಟಿವಿಯ ಕಡೆ ನೋಡಿದ. ನೋಡಿ, ನೀರು ನೆತ್ತಿಗೇರಿಸಿಕೊಂಡ.

ಟಿವಿ ಹಸಿರು ಮಖಮಲ್ಲಿನ ಅಂಗಿ ತೊಟ್ಟು ನಿಂತಿತ್ತು. ಅಂಚಿಗೆ ನೆರಿಗೆ, ಮೂಲೆಗೆ ಗೊಂಡೆ. ಮುಂಭಾಗವನ್ನು ಪರದೆಯಂತೆ ಮೇಲಕ್ಕೆ ಮಡಚಬಹುದು. ಬೆನ್ನು ಮತ್ತು ನೆತ್ತಿ ಮಾತ್ರ ಪೂರ್ತಿ ಮುಚ್ಚಿತ್ತು. ಎದ್ದು ಹೋಗಿ ಅಂಗಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. ಮಖಮಲ್ಲಿನ ಒಳಗೆ ಕಂಬಳಿಯ ಅಸ್ತರಿ.

"ನಾನೇ ಹೊಲಿದದ್ದು," ಎಂದರು ಬೀಗಿತ್ತಿ, ಅಡಿಗೆಮನೆಯ ಬಾಗಿಲಿನಿಂದ. "ಎರಡು ವಾರ ಹಿಡೀತು."

ಸತ್ತು ನಾಲ್ಕು ದಿನವಾದ ಟಿವಿಗೆ ಇನ್ನೂ ಸ್ವೆಟರು. ಮಾತು ನಾಲಿಗೆಯ ತುದಿಗೆ ಬಂತು. ನಾಲಿಗೆ ಮನೆಯಲ್ಲಿದೆಯೆಂದು ನೆನಪು ಮಾಡಿಕೊಂಡು ಮೇಸ್ತ್ರಿ ಅದನ್ನು ನುಂಗಿದ. ಅಡಿಗೆಮನೆಯ ಒಳಗೆ, ಬೀಗಿತ್ತಿಯ ಹೆಗಲ ಹಿಂದೆ, ಮಗಳ ಮುಖ ಕಂಡಿತು. ಬಿಳಿಯ ಕೋಟನ್ನು ಇಸ್ತ್ರಿ ಮಾಡಿ ತೋಳ ಮೇಲೆ ಹಾಕಿಕೊಂಡಿದ್ದಳು.

ಟಿವಿ ಮೇಜಿನ ಮೇಲೆ, ರಿಮೋಟಿನ ಕೆಳಗೆ, ಆ ಕಾಗದವಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ಕೊನೆಯಲ್ಲಿ ಸಹಿಗೆಂದು ಎಳೆದ ಗೆರೆ, ಅಡಿಕೋಲು ಇಟ್ಟು ಎಳೆದದ್ದು.

"ಇದನ್ನ ಮಲಗಿಸಬೇಕು," ಎಂದ ಮೇಸ್ತ್ರಿ. "ಮಂಚ ಬೇಕು."

"ಮಂಚದ ಮೇಲಾ?" ಎಂದರು ಬೀಗಿತ್ತಿ. "ನಿನ್ನೆ ತಾನೆ ಹಾಸಿಗೆ ಬಟ್ಟೆ ಬದಲಾಯಿಸಿದ್ದು."

"ರೋಗಿನ ನೆಲದ ಮೇಲೆ ಮಲಗಿಸಿ ಹೊಟ್ಟೆ ಕೊಯ್ಯೋಕಾಗುತ್ತಾ ಅಮ್ಮ?"

ಮೇಸ್ತ್ರಿ, ಬೀಗರು ಇಬ್ಬರೂ ಸೇರಿ ಅಂಗಿ ಕಳಚಿ ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿದರು. ಮೇಸ್ತ್ರಿ ಸ್ಕ್ರೂ ಬಿಚ್ಚತೊಡಗಿದ. ಬೀಗರು ಒಂದು ತಟ್ಟೆಯಲ್ಲಿ ಕಾಗದ ಹಾಸಿ, ಅದರ ಮೇಲೆ ಟಿವಿಯ ನಕ್ಷೆ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಲ್ಲೇ ಇಡುತ್ತ ಹೋದರು. ಇಪ್ಪತ್ತೆರಡು. ಇದೊಂದನ್ನು ಮಾತ್ರ ಮೇಸ್ತ್ರಿ ಒಳಗೊಳಗೇ ಮೆಚ್ಚಿಕೊಂಡ. ಮೆಚ್ಚಿದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದ.

ಮುಚ್ಚಳ ತೆಗೆದಾಗ ಒಳಗೆ ನಾಲ್ಕು ವರ್ಷದ ಧೂಳು, ಬೂದು ಬಣ್ಣದ ಹತ್ತಿಯಂತೆ ಸಮವಾಗಿ ಹಾಸಿತ್ತು. ಮೇಸ್ತ್ರಿ ಟಾರ್ಚನ್ನು ಅಡ್ಡಡ್ಡಲಾಗಿ ಹಿಡಿದು ಮೂಲೆಮೂಲೆ ನೋಡಿದ. ಯಾರೂ ಕಾಲಿಡದ ಮರಳಿನ ಹಾಗಿತ್ತು ಅದು.

"ಬೀಗರೇ, ಬನ್ನಿ. ನೀರು ಎಲ್ಲಿ ಬಿದ್ದಿದೆ, ತೋರ್ಸಿ."

ಬೀಗರು ಕನ್ನಡಕ ಏರಿಸಿ ಬಗ್ಗಿದರು. "ಒಣಗಿರುತ್ತಲ್ಲ. ನಾಲ್ಕು ದಿನ ಆಯ್ತು."

"ನೀರು ಒಣಗುತ್ತೆ. ಧೂಳಿನ ಮೇಲೆ ಅದು ಬಿದ್ದ ಗುರುತು ಒಣಗಲ್ಲ. ಒಂದು ಹನಿ ಬಿದ್ದಿದ್ರೂ ಇಲ್ಲಿ ಕಾಸಗಲ ಕಲೆ ಇರ್ಬೇಕಿತ್ತು."

"ಆವಿಯಾಗಿ ಒಳಗೆ ಹೋಗಿರಬಹುದು."

"ಹಿಂಡಿದ ಬಟ್ಟೆಯಿಂದ?"

"ಸಾಧ್ಯತೆ ಹೇಳ್ದೆ," ಎಂದರು ಬೀಗರು.

ಮೇಸ್ತ್ರಿ ಕಣ್ಣು ಮುಚ್ಚಿ ಮೂರು ಎಣಿಸಿದ. ಆಮೇಲೆ ಕುಂಚದಿಂದ ಧೂಳು ಗುಡಿಸಿ, ಕರೆಂಟಿನ ಬೋರ್ಡನ್ನು ಬಿಚ್ಚಿ ಬೆಳಕಿಗೆ ಹಿಡಿದ. ಕರೆಂಟನ್ನು ಹಿಡಿದಿಟ್ಟು ಹದವಾಗಿ ಬಿಡುವ, ಸಾಲಾಗಿ ನಿಂತ ಕಿರುಬೆರಳ ಗಾತ್ರದ ಕೆಪಾಸಿಟರುಗಳು. ಅವುಗಳ ನೆತ್ತಿ ಚಪ್ಪಟೆಯಾಗಿರಬೇಕು. ಮೂರರದು ಉಬ್ಬಿ, ನಡುವೆ ಬಿರಿದು, ಕಂದು ಅಂಟು ಒಸರಿ ಒಣಗಿತ್ತು.

"ಇವು ನೋಡಿ. ಇವು ಒಂದು ದಿನದಲ್ಲಿ ಹೀಗಾಗಲ್ಲ. ತಿಂಗಳುಗಟ್ಟಲೆ ಬೇಯಬೇಕು." ಅವನು ತಲೆಯೆತ್ತಿದ. "ಟಿವಿ ಮೊದಲಿಂದ್ಲೇ ಆನ್ ಆಗೋಕೆ ಹೊತ್ತು ತಗೊಳ್ತಿತ್ತಾ?"

ಬೀಗಿತ್ತಿ ಗಂಡನ ಮುಖ ನೋಡಿದರು. "ಹೂಂ, ತಗೊಳ್ತಿತ್ತು. ಹತ್ತು ಗಂಟೆ ಧಾರಾವಾಹಿಗೆ ನಾನು ಒಂಬತ್ತೂಕಾಲಿಗೇ ಸ್ವಿಚ್ ಹಾಕಿಡ್ತಿದ್ದೆ. ಟಕ್ ಟಕ್ ಅಂತ ಅದರ ಪಾಡಿಗೆ ಅದಿರ್ತಿತ್ತು, ನನ್ನ ಪಾಡಿಗೆ ನಾನು ತರಕಾರಿ ಹೆಚ್ತಿದ್ದೆ."

"ಸೋಮವಾರನೇ ಹೇಳಿದ್ದೆ ಮಾವ," ಎಂದಳು ಮಗಳು, ಬಾಗಿಲಿಗೆ ಬಂದು. "ಮೊದಲೇ ತಡ ಆಗ್ತಿತ್ತು ಅಂತ."

"ಹೇಳಿದ್ದಳು, ಇಲ್ಲ ಅನ್ನಲ್ಲ," ಎಂದರು ಬೀಗರು. "ಆದ್ರೆ ಅದು ವಿಳಂಬ. ಇದು ಸ್ಥಗಿತ. ಎರಡೂ ಬೇರೆ ಬೇರೆ ಶೀರ್ಷಿಕೆ ಕೆಳಗೆ ಬರುತ್ತೆ. ವಿಳಂಬದ ಪೂರ್ತಿ ದಾಖಲೆ ನನ್ನ ಹತ್ರ ಇದೆ, ತಾಳಿ."

ಹೋಗಿ ಒಂದು ಉದ್ದನೆಯ ನೋಟ್‌ಬುಕ್ ತಂದರು. ರಟ್ಟಿನ ಮೇಲೆ 'ಟಿವಿ' ಎಂದಿತ್ತು. ಮಂಚದ ಅಂಚಿನಲ್ಲಿ ಕುಳಿತು, ಗಂಟಲು ಸರಿಮಾಡಿಕೊಂಡರು. ಮೂರು ತಿಂಗಳಿಂದ ಇದನ್ನು ಓದಿಸಿ ಕೇಳುವವರಿಗಾಗಿ ಕಾದಿದ್ದ ಮನುಷ್ಯನ ಹಾಗೆ ಕಂಡರು.

"ಮೊದಲ ದಿನ, ಇಪ್ಪತ್ತು ಸೆಕೆಂಡು. ಒಂದು ವಾರಕ್ಕೆ, ನಲವತ್ತು. ತಿಂಗಳಿಗೆ ನಾಲ್ಕು ನಿಮಿಷ. ಆಗ ನಾನೊಂದು ವಿಷಯ ಗಮನಿಸಿದೆ ಬೀಗರೇ. ಒಮ್ಮೆ ಓಡಿ ನಿಂತ ಟಿವಿನ ತಕ್ಷಣ ಮತ್ತೆ ಹಾಕಿದ್ರೆ, ಥಟ್ಟನೆ ಹತ್ಕೊಳ್ಳುತ್ತೆ. ಯಾಕೆ ಹೇಳಿ?"

"ಹೇಳಿ."

"ಬಿಸಿ ಇರುತ್ತೆ. ತಣ್ಣಗಿದ್ರೆ ಏಳಲ್ಲ, ಬೆಚ್ಚಗಿದ್ರೆ ಏಳುತ್ತೆ. ಅಂದ್ರೆ ಇದಕ್ಕೆ ಬೇಕಾಗಿರೋದು ಬಿಸಿ. ಇವಳಿಗೆ ಹೇಳಿ ಅಂಗಿಗೆ ಕಂಬಳಿ ಅಸ್ತರಿ ಹಾಕಿಸಿದೆ. ಟಿವಿ ಓಡೋವಾಗ್ಲೂ ತೆಗೀಬಾರದು ಅಂದೆ. ಫಲಿತಾಂಶ ನೋಡಿ." ಬೆರಳಿಟ್ಟು ತೋರಿಸಿದರು. "ನಾಲ್ಕು ನಿಮಿಷದಿಂದ ಎರಡಕ್ಕೆ ಇಳೀತು."

ಮೇಸ್ತ್ರಿ ಅವರನ್ನೇ ನೋಡಿದ. ನಲವತ್ತು ವರ್ಷದ ಕಸುಬಿನಲ್ಲಿ ಗುದ್ದಿದವರನ್ನು ಕಂಡಿದ್ದ, ನೀರು ಹುಯ್ದವರನ್ನು ಕಂಡಿದ್ದ, ನಾಣ್ಯ ತಿನ್ನಿಸಿದವರನ್ನು ಕಂಡಿದ್ದ. ಅವರೆಲ್ಲ ತಿಳಿಯದೆ ಕೊಂದ ಬಡಪಾಯಿಗಳು. ಅರ್ಧ ಸರಿಯಾಗಿ ಕಂಡುಹಿಡಿದು, ಉಳಿದರ್ಧವನ್ನು ತಾರೀಖು ಸಮೇತ ಬರೆದಿಟ್ಟು ಕೊಂದವರು ಇವರೊಬ್ಬರೇ.

"ಆ ಎರಡು ನಿಮಿಷ ಎಷ್ಟು ದಿನ ಇತ್ತು?"

"ಒಂದು ವಾರ."

"ಆಮೇಲೆ?"

ಬೀಗರು ಹಾಳೆ ತಿರುವಿದರು. "ಐದು."

"ಆಮೇಲೆ?"

"ಒಂಬತ್ತು." ಇನ್ನೊಂದು ಹಾಳೆ. ದನಿ ಸ್ವಲ್ಪ ತಗ್ಗಿತು. "ಹದಿನಾಲ್ಕು. ಇಪ್ಪತ್ತಾರು."

"ಶನಿವಾರ?"

"ಮೂವತ್ತೆಂಟು ನಿಮಿಷ."

"ಒರೆಸಿದ್ದು ಯಾವತ್ತು?"

"ಭಾನುವಾರ," ಎಂದರು ಬೀಗರು. ಪೆನ್ನನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಟರು.

ಮೇಸ್ತ್ರಿಯೊಳಗೆ ನಲವತ್ತು ವರ್ಷದ ಕೊಂಡಿ ಮೇಲೆದ್ದು ಬಾಗಿತು. ಹೇಳಬಹುದಾದ ಮಾತುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತವು, ಒಂದಕ್ಕಿಂತ ಒಂದು ಚೂಪು. ಬಾಗಿಲಲ್ಲಿ ಮಗಳು ನಿಂತಿದ್ದಳು. ಕೋಟಿನ ಮಡಿಕೆಯನ್ನು ಬೆರಳಿಂದ ಸವರುತ್ತಿದ್ದಳು.

"ಜ್ವರ ಬಂದವನಿಗೆ ಕಂಬಳಿ ಹೊದೆಸಿ ಒಲೆ ಪಕ್ಕ ಕೂರ್ಸಿದ್ದೀರಿ ಬೀಗರೇ," ಎಂದ ಅವನು, ತನಗೇ ಗುರುತು ಸಿಗದಷ್ಟು ಮೆತ್ತಗೆ. "ಅವನು ಬೆವರಿದ್ದನ್ನ ಕಂಡು, ಗುಣ ಆಯ್ತು ಅಂತ ಬರ್ಕೊಂಡಿದ್ದೀರಿ."

ಬೀಗರು ನೋಟ್‌ಬುಕ್ಕನ್ನು ನೋಡಿದರು, ಅಂಗಿಯನ್ನು ನೋಡಿದರು. "ಹಾಗಾದ್ರೆ ಬಿಸಿಯಿಂದ ಎದ್ದದ್ದು..."

"ಸಾಯೋ ಕೆಪಾಸಿಟರ್ ಬಿಸಿಗೆ ಏಳುತ್ತೆ, ನಿಜ. ಆ ಬಿಸಿಗೇ ಬೇಗ ಸಾಯುತ್ತೆ, ಅದೂ ನಿಜ."

ಬೆಸುಗೆ ಕಡ್ಡಿ ಕಾದಿತ್ತು. ಮೇಸ್ತ್ರಿ ಹಳೆಯ ಮೂರನ್ನು ಕಳಚಿ, ಮಾತ್ರೆಯ ಡಬ್ಬಿಯಿಂದ ಹೊಸ ಮೂರನ್ನು ತೆಗೆದು, ಕಾಲು ನೇರ ಮಾಡಿ ಕೂರಿಸಿದ. ಸೀಸ ಕರಗಿ ಹೊಳೆದು ಮುದ್ದೆಯಾಗಿ ನಿಂತಾಗ ಅವನ ಮುಖದ ಗಂಟು ತುಸು ಸಡಿಲವಾಯಿತು. ಯಾವಾಗಲೂ ಹಾಗೆಯೇ. ಲೋಕದಲ್ಲಿ ಹೇಳಿದ ಹಾಗೆ ಕೇಳುವ ವಸ್ತು ಅದೊಂದೇ. ಕಳಚಿದ್ದನ್ನು ಪದ್ಧತಿಯಂತೆ ಬೀಗರ ಅಂಗೈಗೆ ಇಟ್ಟ. ವಿವರಣೆ ಕೊಡಲಿಲ್ಲ.

"ಇವನ್ನ ಇಟ್ಕೋಬಹುದಾ?" ಎಂದರು ಬೀಗರು. "ದಾಖಲೆಗೆ?"

"ಇಟ್ಕೊಳ್ಳಿ."

ಇಪ್ಪತ್ತೆರಡು ಸ್ಕ್ರೂಗಳೂ ನಕ್ಷೆಯ ಪ್ರಕಾರ ಹಿಂದಕ್ಕೆ ಹೋದವು. ಟಿವಿಯನ್ನು ಎತ್ತಿ ಮತ್ತೆ ಮೇಜಿನ ಮೇಲೆ ನಿಲ್ಲಿಸಿ ಸ್ವಿಚ್ ಹಾಕಿದಾಗ ಟಕ್ ಎಂದಿತು ಒಂದೇ ಸಲ. ಪರದೆ ಬೆಳಗಿತು. ನಾಲ್ಕು ದಿನದಿಂದ ಮಾತು ತಡೆದುಕೊಂಡಿದ್ದ ಹೆಂಗಸೊಬ್ಬಳು ಹವಾಮಾನ ಹೇಳತೊಡಗಿದಳು.

"ಅಯ್ಯೋ, ಬಂತು," ಎಂದರು ಬೀಗಿತ್ತಿ, ತಂಗಿ ಬಸ್ಸಿಳಿದಂತೆ. ಕೈ ತಾನಾಗಿ ಹಸಿರು ಅಂಗಿಯ ಕಡೆ ಹೋಗಿ, ದಾರಿಯಲ್ಲೇ ನಿಂತಿತು. ಗೊಂಡೆಯನ್ನು ಬೆರಳಿಗೆ ಸುತ್ತಿ ಬಿಟ್ಟರು.

"ಹೊಲಿಗೆ ಚೆನ್ನಾಗಿದೆ ಅಮ್ಮ," ಎಂದ ಮೇಸ್ತ್ರಿ. "ದಿಂಬಿಗೆ ಹಾಕಿ. ದಿಂಬು ಕಾಯಲ್ಲ."

ಚೀಲಕ್ಕೆ ಸಾಮಾನು ತುಂಬುವಾಗ ಅವನ ಕಣ್ಣು ಕಾಗದದ ಮೇಲೆ ಬಿತ್ತು. ಅದು ಅಲ್ಲೇ ಇತ್ತು.

"ಇನ್ನು ಇದನ್ನ ಹರೀಬಹುದಲ್ಲ ಬೀಗರೇ."

"ಅದು ಬೇರೆ ವಿಷಯ," ಎಂದರು ಬೀಗರು.

"ಹೇಗೆ ಬೇರೆ?"

"ಟಿವಿ ಒಂದು ನಿದರ್ಶನ ಅಷ್ಟೇ. ಮೂಲ ವಿಷಯ ಆತುರ. ಬೆಳಿಗ್ಗೆ ಎದ್ದಾಗಿಂದ ಆ ಲ್ಯಾಬಿನದೇ ಧ್ಯಾನ. ಮನೆ ಕೆಲಸ ಎಲ್ಲಾ ಓಡ್ತಾ ಓಡ್ತಾ."

"ಇವತ್ತು ಟಿವಿ ಇವಳಿಂದ ಕೆಟ್ಟದ್ದಲ್ಲ, ಸರಿ," ಎಂದರು ಬೀಗಿತ್ತಿಯೂ. "ನಾಳೆ ಇನ್ನೊಂದು."

ಮೇಸ್ತ್ರಿ ಮೀಟರಿನ ತಂತಿ ಸುತ್ತುತ್ತಿದ್ದವನು ಹಾಗೆಯೇ ನಿಂತ. ದೋಷ ತೋರಿಸಿದ್ದಾಯಿತು. ಸತ್ತ ಭಾಗವನ್ನು ಅಂಗೈಗೆ ಇಟ್ಟದ್ದಾಯಿತು. ಕೊಂದವರ ಬಾಯಿಂದಲೇ ತಾರೀಖು ಓದಿಸಿದ್ದಾಯಿತು. ಇಷ್ಟಾದ ಮೇಲೂ ಸೆಟ್ಟು ಹತ್ತದಿದ್ದರೆ ಮುಂದಿನ ಹಂತ ಯಾವುದು? ಮೀಟರಿನ ಮೊನೆಯನ್ನು ಎಲ್ಲಿಗೆ ಮುಟ್ಟಿಸಿ ಅಳೆಯಬೇಕು? ನುಂಗಿದ್ದ ಮಾತುಗಳೆಲ್ಲ ಒಟ್ಟಿಗೆ ಎದ್ದು ಗಂಟಲಿ‌ಗೆ ಬಂದವು. ಬಾಯಿ ತೆರೆದ.

"ಮಾವ," ಎಂದಳು ಮಗಳು.

ಅವಳು ಒಳಗೆ ಬಂದು, ರಿಮೋಟ್ ಸರಿಸಿ, ಕಾಗದ ಎತ್ತಿಕೊಂಡಿದ್ದಳು. ಲ್ಯಾಬಿನಲ್ಲಿ ವರದಿ ಓದುವ ದನಿಯಲ್ಲಿ ಓದಿದಳು. "'ಕೆಲಸಕ್ಕೆ ಹೊರಡುವ ಆತುರದ ಕಾರಣ ಹನ್ನೆರಡನೇ ತಾರೀಖು ನನ್ನಿಂದ ಮನೆಯ ಟಿವಿಗೆ ನೀರು ತಗುಲಿ ಹಾನಿಯುಂಟಾದ ಪ್ರಯುಕ್ತ...' ಈ ಸಾಲು ಈಗ ತಪ್ಪಾಗುತ್ತಲ್ಲ ಮಾವ."

ಬೀಗರು ಕೈ ಚಾಚಿ ಕಾಗದ ತೆಗೆದುಕೊಂಡರು. ಕನ್ನಡಕ ಇಳಿಸಿ ಓದಿದರು, ಏರಿಸಿ ಓದಿದರು. "ತಪ್ಪಾಗುತ್ತೆ. ವಾಸ್ತವಾಂಶ ಬದಲಾಗಿದೆ."

"ತಪ್ಪಿರೋ ಕಾಗದಕ್ಕೆ ಯಾರೂ ಸಹಿ ಹಾಕಬಾರದು ಅಂತ ನೀವೇ ಹೇಳ್ತೀರಿ."

"ಹಾಕಬಾರದು. ಮೂವತ್ತನಾಲ್ಕು ವರ್ಷದಲ್ಲಿ ಒಂದು ತಪ್ಪು ಕಾಗದ ನನ್ನ ಮೇಜು ದಾಟಿಲ್ಲ." ಪೆನ್ನಿನ ಮುಚ್ಚಳ ತೆಗೆದು ಆ ಸಾಲನ್ನು ನೀಟಾಗಿ ಹೊಡೆದು ಹಾಕಿದರು. "ಬೇರೆ ನಿದರ್ಶನ ಹಾಕಿ ಬರೀಬೇಕು."

"ಬರೀರಿ ಮಾವ. ಯಾವುದು ಹಾಕ್ತೀರಿ?"

ಬೀಗರು ಯೋಚಿಸಿದರು. ಬೀಗಿತ್ತಿ ನೆರವಿಗೆ ಬಂದರು. "ಮೊನ್ನೆ ಹಾಲು ಉಕ್ಕಿಸಿದಳಲ್ಲ."

"ಅದು ನೀನು," ಎಂದರು ಬೀಗರು.

"ಆ ಗಾಜಿನ ಲೋಟ?"

ಬೀಗರು ಕನ್ನಡಕ ತೆಗೆದು ಒರೆಸಿದರು. "ಅದು ನಾನು."

"ಇರುತ್ತೆ ಬಿಡಿ, ಒಂದಲ್ಲ ಒಂದು."

"ಇರುತ್ತೆ ಅಂದ್ರೆ ಆಗಲ್ವೇ. ತಾರೀಖು ಬೇಕು."

"ನಿಧಾನವಾಗಿ ಯೋಚಿಸಿ ಮಾವ," ಎಂದಳು ಮಗಳು. "ಸಿಕ್ಕಿದಾಗ ಬರೆದಿಡಿ, ಓದಿ ನೋಡ್ತೀನಿ. ಅತ್ತೆ, ಮಧ್ಯಾಹ್ನದ ಅಡಿಗೆ ಒಲೆ ಮೇಲೇ ಮುಚ್ಚಿಟ್ಟಿದ್ದೀನಿ. ನನಗೆ ಪಾಳಿ." ಕೋಟನ್ನು ಚೀಲದಲ್ಲಿ ಮಡಿಕೆ ಕೆಡದಂತೆ ಇಟ್ಟಳು. ಚಪ್ಪಲಿ ಮೆಟ್ಟಿದಳು. ಅಪ್ಪನ ಪಕ್ಕ ಹಾಯುವಾಗ ಅವನ ಅಂಗಿಯ ತೋಳಿಗೆ ಹತ್ತಿದ್ದ ಧೂಳನ್ನು ಎರಡು ಬೆರಳಲ್ಲಿ ಕೊಡವಿ, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತಿತ್ತು, ಒಂದೊಂದಾಗಿ, ಒಂದೇ ಅಳತೆಯಲ್ಲಿ.

ಮೇಸ್ತ್ರಿ ತೆರೆದಿದ್ದ ಬಾಯನ್ನು ಮುಚ್ಚಿದ. ಇಷ್ಟು ವರ್ಷ ತನ್ನ ಕೊಂಡಿಯ ವಿಷ ತನ್ನೊಂದಿಗೇ ಮುಗಿಯುತ್ತದೆಂದುಕೊಂಡಿದ್ದ. ಅದರಲ್ಲಿ ಅರ್ಧದಷ್ಟು ಆ ಹುಡುಗಿಗೂ ಬಂದಿದೆ; ಸಕ್ಕರೆ ಹಾಕಿ ಕೊಡುವುದನ್ನು ಅವಳು ಯಾರಿಂದ ಕಲಿತಳೋ. ತಾಯಿಯಿಂದಲೇ ಇರಬೇಕು.

ಬೀಗರು ಹೊಸ ಹಾಳೆ ತೆಗೆದು, ಮೇಲೆ ತಾರೀಖು ಹಾಕಿ, 'ವಿಷಯ' ಎಂದು ಬರೆದು, ಅದರ ಕೆಳಗೆ ಗೆರೆಯೆಳೆದು ತಲೆಯೆತ್ತಿದರು. "ಬೀಗರೇ, ನೀವು ನೆನಪು ಮಾಡ್ಕೊಳ್ಳಿ. ನಿಮ್ಮ ಮನೆಯಲ್ಲಿದ್ದಾಗ ಏನಾದ್ರೂ ಒಡೆದಿದ್ದಳಾ? ಆತುರದಲ್ಲಿ? ಚಿಕ್ಕಂದಿನಲ್ಲಾದ್ರೂ ಪರವಾಗಿಲ್ಲ."

ಮೇಸ್ತ್ರಿ ಚೀಲದ ಜಿಪ್ಪೆಳೆದು ಹೆಗಲಿಗೇರಿಸಿದ.

"ತಾರೀಖು ನೆನಪಿಲ್ದೆ ಇದ್ರೆ," ಎಂದರು ಬೀಗರು, ಪೆನ್ನನ್ನು ಹಾಳೆಯ ಮೇಲೆ ಹಿಡಿದೇ, "ವರ್ಷ ಹೇಳಿದ್ರೂ ಸಾಕು. ಅಂದಾಜು ವರ್ಷ ಅಂತ ಷರಾ ಬರೆದು..."

ಮೇಸ್ತ್ರಿ ಅಷ್ಟರಲ್ಲಿ ಬಾಗಿಲು ದಾಟಿ, ಎರಡನೇ ಮಹಡಿಯ ತಿರುವಿನಲ್ಲಿದ್ದ.